ಗೇಮ್ ಆಡಿದರೆ ತಲೆ ಓಡುತ್ತಾ?

ಮಂಡ್ಯದಲ್ಲಿ ಅಕ್ಕನ ಮನೆಗೆ ಹೋಗಿದ್ದ ಭಾನುವಾರ ಪೇಪರ್ ಒಳಗಿಂದ ಒಂದು ಪಾಂಪ್ಲೆಟ್ ಬಿತ್ತು. ಬೇಸಿಗೆ ಶಿಬಿರದ್ದು. ಹದಿನೈದು ದಿನ ಮಕ್ಕಳಿಗೆ ಕಂಪ್ಯೂಟರ್ ಗೇಮ್ ಆಡಿಸಿ ಏಕಾಗ್ರತೆ, ನೆನಪಿನ ಶಕ್ತಿ, ಲೆಕ್ಕ ಎಲ್ಲವನ್ನೂ ಹೆಚ್ಚಿಸಿ ಕಳಿಸುತ್ತಾರಂತೆ. ಅಕ್ಕನ ಮಗನಿಗೆ ಇನ್ನೇನು ಬೇಕು? "ನೋಡಮ್ಮ, ಗೇಮ್ ಆಡಿದ್ರೆ ಬ್ರೈನ್ ಶಾರ್ಪ್ ಆಗುತ್ತೆ ಅಂತ ನಾನು ಹೇಳ್ತಿರ್ಲಿಲ್ವಾ" ಅಂದ. ಹೇಳುವಾಗಲೂ ಕಣ್ಣು ಫೋನಿನಲ್ಲೇ ಇತ್ತು. "ಕಣ್ಮುಂದೆ ಇರೋ ತುಪ್ಪದ ಡಬ್ಬಿ ಕಾಣಲ್ಲ ಇವನಿಗೆ, ಶಾರ್ಪ್ ಅಂತೆ" ಅಂತ ಅಕ್ಕ ಗೊಣಗಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಇಂಥದ್ದೆಲ್ಲ ಓದ್ತೀಯಲ್ಲ, ನಿಜಾನೇನೋ ಇದು?" ಅಂದಳು.

ಪೂರ್ತಿ ನಿಜ ಅಂದರೂ ತಪ್ಪು, ಪೂರ್ತಿ ಸುಳ್ಳು ಅಂದರೂ ತಪ್ಪು. ಅಷ್ಟು ಹೇಳಿ ಸುಮ್ಮನಾದರೆ ಅಕ್ಕ ಬಿಡುವವಳಲ್ಲ. ರಜಾ ಶುರುವಾಗಿದೆ, ಮೈಸೂರು ಮಂಡ್ಯದ ಎಷ್ಟೋ ಮನೆಗಳಲ್ಲಿ ಇದೇ ಜಗಳ. ಹಾಗಾಗಿ ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

## ಬುದ್ಧಿ ಅಂದರೆ ಯಾವ ಬುದ್ಧಿ?

ಬುದ್ಧಿ ಚುರುಕಾಗುತ್ತದೆ ಅನ್ನುವವರನ್ನು ಮೊದಲು ಕೇಳಬೇಕಾದ್ದು ಇದನ್ನೇ. ತಲೆ ಮಾಡುವ ಕೆಲಸ ಹಲವು ಬಗೆಯದು. ಅವನ್ನೆಲ್ಲ ಸೇರಿಸಿ ಅರಿವಿನ ಸಾಮರ್ಥ್ಯ ಅನ್ನುತ್ತಾರೆ. ಹೆಸರು ಭಾರ, ವಿಷಯ ಹಗುರ. ಮೈಸೂರು–ಮಂಡ್ಯ ಬಸ್ಸಿನ ಕಂಡಕ್ಟರನ್ನು ಹತ್ತು ನಿಮಿಷ ನೋಡಿದರೆ ಎಲ್ಲವೂ ಕಾಣುತ್ತದೆ.

ತುಂಬಿದ ಬಸ್ಸಿನಲ್ಲಿ ಈಗಷ್ಟೇ ಹತ್ತಿದವರ ಮುಖ ಮಾತ್ರ ಅವರ ಕಣ್ಣಿಗೆ ಬೀಳುತ್ತದೆ. ಬೇಕಾದ್ದನ್ನು ಹಿಡಿದು ಬೇಡದ್ದನ್ನು ಬಿಡುವ ಈ ಶಕ್ತಿಯೇ ಗಮನ. "ಶ್ರೀರಂಗಪಟ್ಟಣಕ್ಕೆ ಎರಡು, ಒಂದು ಹಾಫ್, ಇನ್ನೂರು ಕೊಟ್ಟಿದ್ದೀನಿ" ಅಂದಾಗ ಟಿಕೆಟ್ ಹರಿದು ಚಿಲ್ಲರೆ ಲೆಕ್ಕ ಹಾಕುವವರೆಗೆ ಅಷ್ಟನ್ನೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಇದಕ್ಕೆ ಕೆಲಸದ ನೆನಪು ಅನ್ನೋಣ. ಇದರಲ್ಲಿ ಜಾಗ ತುಂಬ ಕಡಿಮೆ. ಅದಕ್ಕೇ ಬಾಕಿ ಚಿಲ್ಲರೆಯನ್ನು ಟಿಕೆಟ್ ಹಿಂದೆ ಬರೆದು ಕೊಡುವುದು. ಟಿಕೆಟ್ ಕೊಡುತ್ತಾ ಕೊಡುತ್ತಾ ಸ್ಟಾಪ್ ಬಂದಾಗ ವಿಷಲ್ ಊದಿ ಮತ್ತೆ ಲೆಕ್ಕಕ್ಕೆ ಮರಳುವುದು ಇನ್ನೊಂದು ಸಾಮರ್ಥ್ಯ. ಸ್ಟ್ಯಾಂಡಿನಲ್ಲಿ ಎರಡು ಬಸ್ಸುಗಳ ನಡುವೆ ಡ್ರೈವರ್ ರಿವರ್ಸ್ ತೆಗೆಯುತ್ತಾರಲ್ಲ, ಆ ಜಾಗದ ಅಂದಾಜು ಮತ್ತೊಂದು.

ಇವೆಲ್ಲದರ ಹಿಂದೆ ಒಂದೇ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆಯೇ ಅನ್ನುವುದು ಹಳೆಯ ಪ್ರಶ್ನೆ. ಒಂದು ಬಗೆಯ ಪರೀಕ್ಷೆಯಲ್ಲಿ ಮುಂದಿರುವವರು ಉಳಿದ ಬಗೆಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆ ಅಂತ 1904ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್. ಅವರ ಹತ್ತಿರ ಲಂಡನ್ನಿನಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರು ಮಾಡಿದ್ದು. ಆಮೇಲೆ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಅನ್ನುವ ಹೆಸರಿನ ರೇಡಿಯೊ ಕೇಂದ್ರ ತೆರೆದವರೂ ಅವರೇ. ಅಂದರೆ ಬುದ್ಧಿ ಅಳೆಯುವ ಮಾತು ನಮ್ಮೂರಿಗೆ ಹೊಸದೇನಲ್ಲ.

ಇನ್ನು ಗೇಮ್ ಅನ್ನುವುದೂ ಒಂದೇ ಬಗೆಯದಲ್ಲ. ಗುಂಡು ಹಾರಿಸುತ್ತಾ ಓಡುವ ಆಟಕ್ಕೂ ಕ್ಯಾಂಡಿ ಜೋಡಿಸುವ ಆಟಕ್ಕೂ ಹೋಲಿಕೆಯೇ ಇಲ್ಲ. ಸಂಶೋಧನೆ ಜಾಸ್ತಿ ನಡೆದಿರುವುದು ಮೊದಲನೆಯ ಬಗೆಯ ಮೇಲೆ. ಅವಕ್ಕೆ ಆ್ಯಕ್ಷನ್ ಗೇಮ್ ಅನ್ನುತ್ತಾರೆ.

## ಎಲ್ಲ ಶುರುವಾಗಿದ್ದು ಎಲ್ಲಿಂದ

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಶಾನ್ ಗ್ರೀನ್ ಅಂತ ಒಬ್ಬ ವಿದ್ಯಾರ್ಥಿ ಇದ್ದರು. ನೋಟದ ಗಮನ ಅಳೆಯುವ ಒಂದು ಪರೀಕ್ಷೆಗೆ ಪ್ರೋಗ್ರಾಂ ಬರೆದು, ಸರಿ ಇದೆಯಾ ಅಂತ ತಾನೇ ಆಡಿ ನೋಡಿದರು. ಅಂಕ ನಂಬಲಾಗದಷ್ಟು ಜಾಸ್ತಿ ಬಂತು. ಗೆಳೆಯರಿಗೂ ಹಾಗೆಯೇ. ಪ್ರೋಗ್ರಾಂನಲ್ಲಿ ತಪ್ಪಿದೆ ಅಂತ ಹುಡುಕಿದರೆ ತಪ್ಪಿರಲಿಲ್ಲ. ಅವರೆಲ್ಲರೂ ಆ್ಯಕ್ಷನ್ ಗೇಮ್ ಹುಚ್ಚಿನವರು, ಅಷ್ಟೇ.

ಇಲ್ಲಿಗೆ ಗೇಮ್‌ನಿಂದ ಗಮನ ಹೆಚ್ಚುತ್ತದೆ ಅಂತ ತೀರ್ಮಾನ ಮಾಡಬಹುದೇ? ಬರುವುದಿಲ್ಲ. ದಸರಾ ಕುಸ್ತಿ ನೋಡಿದ್ದೀರಲ್ಲ, ಅಖಾಡಕ್ಕೆ ಇಳಿಯುವವರೆಲ್ಲ ಕಟ್ಟುಮಸ್ತು. ಗರಡಿಗೆ ಹೋಗಿದ್ದಕ್ಕೆ ಮೈ ಬಂತಾ, ಮೈ ಇದ್ದ ಹುಡುಗನನ್ನೇ ಗರಡಿಗೆ ಕಳಿಸಿದರಾ? ಎರಡೂ ಇರಬಹುದು. ಕಣ್ಣು ಚುರುಕಿದ್ದವರಿಗೇ ಗೇಮ್ ರುಚಿಸುತ್ತದೆ ಅನ್ನುವುದೂ ಸಾಧ್ಯ.

ಇದನ್ನು ಬಿಡಿಸುವ ದಾರಿ ಒಂದಿದೆ. ಗರಡಿ ಮೆಟ್ಟಿಲು ಹತ್ತದ ಹುಡುಗರನ್ನೇ ತಗೊಳ್ಳಿ. ಚೀಟಿ ಎತ್ತಿ ಎರಡು ಗುಂಪು ಮಾಡಿ. ಒಂದನ್ನು ಗರಡಿಗೆ ಕಳಿಸಿ, ಇನ್ನೊಂದಕ್ಕೆ ಬೇರೇನೋ ಕೆಲಸ ಕೊಡಿ. ಕೊನೆಗೆ ಇಬ್ಬರನ್ನೂ ಅಳೆಯಿರಿ. ಗ್ರೀನ್ ಮತ್ತು ಅವರ ಗುರು ಡಾಫ್ನಿ ಬಾವೆಲಿಯರ್ ಮಾಡಿದ್ದು ಇದನ್ನೇ. ಗೇಮ್ ಅಭ್ಯಾಸ ಇಲ್ಲದವರಲ್ಲಿ ಒಂದು ಗುಂಪಿಗೆ ದಿನಕ್ಕೆ ಒಂದು ಗಂಟೆಯಂತೆ 10 ದಿನ ಮೆಡಲ್ ಆಫ್ ಆನರ್ ಅನ್ನುವ ಯುದ್ಧದ ಆಟ ಕೊಟ್ಟರು. ಇನ್ನೊಂದು ಗುಂಪಿಗೆ ಮೇಲಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಟೆಟ್ರಿಸ್ ಕೊಟ್ಟರು. ಪರದೆಯ ಅಂಚಿನಲ್ಲಿ ಕ್ಷಣಮಾತ್ರ ಮಿಂಚಿದ ಗುರುತು ಎಲ್ಲಿತ್ತು ಅಂತ ಹೇಳುವಂಥ ಪರೀಕ್ಷೆಗಳಲ್ಲಿ ಯುದ್ಧದ ಆಟ ಆಡಿದವರು ಹೆಚ್ಚು ಸುಧಾರಿಸಿದರು. 2003ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. "ವಿಜ್ಞಾನಿಗಳೇ ಹೇಳಿದ್ದಾರೆ" ಅನ್ನುವ ವೀಡಿಯೊಗಳ ಬೇರು ಹಿಡಿದು ಹೋದರೆ ಸಾಮಾನ್ಯವಾಗಿ ತಲುಪುವುದು ಇಲ್ಲಿಗೇ.

## ಹಾಗಾದರೆ ಜಗಳ ಯಾಕೆ?

ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಬರಬೇಕಲ್ಲ. 2008ರಲ್ಲಿ ಅಮೆರಿಕದ ಸಂಶೋಧಕ ವಾಲ್ಟರ್ ಬೂಟ್ ಮತ್ತು ಸಂಗಡಿಗರು ಇನ್ನೂ ಜಾಸ್ತಿ ಹೊತ್ತು, 20 ಗಂಟೆಗೂ ಮಿಕ್ಕಿ ಆಡಿಸಿದರು. ಹೆಚ್ಚಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ.

ಇನ್ನೊಂದು ತಕರಾರು ನನಗೆ ತುಂಬ ಇಷ್ಟವಾದದ್ದು. ನಮ್ಮಲ್ಲಿ ಎಷ್ಟೋ ಜನಕ್ಕೆ ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಸಮಾಧಾನ ಇಲ್ಲ, ಸೂಜಿ ಚುಚ್ಚಿದರೇ ಜ್ವರ ಬಿಟ್ಟ ಹಾಗೆ. ವಾಸಿಯಾಗುತ್ತದೆ ಅನ್ನುವ ನಂಬಿಕೆಯೇ ಅರ್ಧ ಕೆಲಸ ಮಾಡುತ್ತದೆ. ಗೇಮ್‌ನಲ್ಲೂ ಹಾಗೆಯೇ ಆಗಿರಬಹುದಲ್ಲ? 2013ರಲ್ಲಿ ಬೂಟ್, ಡೇನಿಯಲ್ ಸೈಮನ್ಸ್ ಮುಂತಾದವರು ಜನರಿಗೆ ಗೇಮ್‌ಗಳ ವೀಡಿಯೊ ಸುಮ್ಮನೆ ತೋರಿಸಿ, "ಇದನ್ನು ಆಡಿದರೆ ಯಾವ ಪರೀಕ್ಷೆಯಲ್ಲಿ ಸುಧಾರಿಸುತ್ತೀರಿ ಅನ್ನಿಸುತ್ತದೆ?" ಅಂತ ಕೇಳಿದರು. ಹಿಂದಿನ ಪ್ರಯೋಗಗಳಲ್ಲಿ ಎಲ್ಲೆಲ್ಲಿ ಸುಧಾರಣೆ ಕಂಡಿತ್ತೋ ಜನ ಅಲ್ಲಲ್ಲೇ ಬೆರಳು ಇಟ್ಟರು. ಟೆಟ್ರಿಸ್ ಆಡಿದವರಿಗೆ ಅಂಥ ನಿರೀಕ್ಷೆಯೇ ಇರದಿದ್ದರೆ ಎರಡು ಗುಂಪುಗಳನ್ನು ಹೋಲಿಸುವುದು ಸರಿಯಾಗುವುದಿಲ್ಲ.

ಇಂಥ ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ಸರಾಸರಿ ನೋಡುವ ಪದ್ಧತಿ ಇದೆ. 2018ರಲ್ಲಿ ಒಂದೇ ಪತ್ರಿಕೆಯಲ್ಲಿ ಅಂಥ ಎರಡು ಲೆಕ್ಕಗಳು ಬಂದವು, ಎರಡೂ ಬೇರೆ ಬೇರೆ ದಿಕ್ಕಿಗೆ. ಬಾವೆಲಿಯರ್ ಇದ್ದ ಗುಂಪು ಲಾಭ ಇದೆ ಅಂದಿತು. ಎಷ್ಟು? ಗೇಮ್ ಆಡದ 100 ಜನರನ್ನು ಕಡಿಮೆ ಅಂಕದವರಿಂದ ಹೆಚ್ಚು ಅಂಕದವರವರೆಗೆ ಸಾಲಾಗಿ ನಿಲ್ಲಿಸಿ. ಸಾಧಾರಣ ವ್ಯಕ್ತಿಯ ಜಾಗ 50ರ ಹತ್ತಿರ. ಆ್ಯಕ್ಷನ್ ಗೇಮ್ ತರಬೇತಿ ಪಡೆದ ಸಾಧಾರಣ ವ್ಯಕ್ತಿ ಅದೇ ಸಾಲಿಗೆ ಬಂದರೆ 63ರ ಹತ್ತಿರ ನಿಲ್ಲುತ್ತಾನೆ. ಲಾಭವೇ, ಆದರೆ ಪಾಂಪ್ಲೆಟ್‌ನಲ್ಲಿ ಹೇಳುವಷ್ಟಲ್ಲ. ಗೇಮ್ ಹುಚ್ಚಿನವರನ್ನು ಸುಮ್ನೆ ತಂದು ನಿಲ್ಲಿಸಿದರೆ ಜಾಗ 71ರ ಹತ್ತಿರ. 63ಕ್ಕೂ 71ಕ್ಕೂ ನಡುವಿನ ಅಂತರದಲ್ಲಿ ಆ ಗರಡಿಯ ಪ್ರಶ್ನೆ ಅಡಗಿರಬಹುದು. ಒಂದಿಷ್ಟು ಜನ ಮೊದಲಿಂದಲೇ ಚುರುಕು.

ಇನ್ನೊಂದು ಗುಂಪು, ಜೊವಾನಿ ಸಾಲಾ, ಫೆರ್ನಾಂಡ್ ಗೋಬೆ ಅವರದ್ದು, ತರಬೇತಿಯಿಂದ ಸಿಗುವುದು ತೀರಾ ಕಡಿಮೆ ಅಥವಾ ಏನೂ ಇಲ್ಲ ಅಂದಿತು. ಫಲ ಬರದ ಪ್ರಯೋಗಗಳು ಅಚ್ಚಾಗದೆ ಮೂಲೆ ಸೇರುತ್ತವೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ಇಂಥ ಟೀಕಾಕಾರರ ವಾದ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್‌ಗೆ ಪಾಯಿಂಟ್ ಹೇಳುವವರು ಇದ್ದಾರಲ್ಲ, ಅವರು ಹೇಳಿದ ಕಡೆ ನೀರು ಬಿದ್ದ ಕಥೆ ಊರೂರಿಗೆ ಗೊತ್ತು. ಬರೀ ದೂಳು ಎದ್ದ ಬೋರ್‌ವೆಲ್ ಮುಂದೆ ನಿಂತು ಯಾರು ಫೋಟೊ ತೆಗೆಸಿಕೊಳ್ಳುತ್ತಾರೆ?

## ಟ್ರಾನ್ಸ್‌ಫರ್: ವಿಷಯದ ತಿರುಳು

ನಮ್ಮಲ್ಲಿ ಟ್ರಾನ್ಸ್‌ಫರ್ ಅಂದರೆ ಮೇಷ್ಟ್ರ ವರ್ಗಾವಣೆ. ಮನಃಶಾಸ್ತ್ರದಲ್ಲಿ ಕಲಿಕೆಯ ವರ್ಗಾವಣೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದಾ ಅನ್ನುವುದು. ಟಿವಿಎಸ್ ಓಡಿಸಲು ಬಂದರೆ ಸ್ಕೂಟರ್ ಬೇಗ ಬರುತ್ತದೆ. ಅದು ಹತ್ತಿರದ ವರ್ಗಾವಣೆ. ಟಿವಿಎಸ್ ಓಡಿಸಲು ಬಂದಿದ್ದಕ್ಕೆ ಲೆಕ್ಕ ಚೆನ್ನಾಗಿ ಬಂದರೆ ಅದು ದೂರದ ವರ್ಗಾವಣೆ. ಗೇಮ್‌ನಿಂದ ಓದು ಸುಧಾರಿಸುತ್ತದೆ ಅನ್ನುವವರು ಈ ಎರಡನೆಯದನ್ನು ಮಾರುತ್ತಿದ್ದಾರೆ.

1901ರಲ್ಲೇ ಅಮೆರಿಕದ ಮನಃಶಾಸ್ತ್ರಜ್ಞರಾದ ಎಡ್ವರ್ಡ್ ಥಾರ್ನ್‌ಡೈಕ್ ಮತ್ತು ರಾಬರ್ಟ್ ವುಡ್‌ವರ್ತ್ ಇದನ್ನು ಪರೀಕ್ಷಿಸಿದ್ದರು. ಎರಡು ಕೆಲಸಗಳಲ್ಲಿ ಒಂದೇ ಥರದ ಅಂಶ ಎಷ್ಟು ಇದೆಯೋ ಕಲಿಕೆ ಅಷ್ಟೇ ದಾಟುತ್ತದೆ ಅಂದರು. ನೂರು ವರ್ಷ ಕಳೆದರೂ ಈ ಮಾತು ಹೆಚ್ಚು ಸವೆದಿಲ್ಲ.

ಅಕ್ಕನ ಅತ್ತೆಯನ್ನೇ ನೋಡಿ. ಮಧ್ಯಾಹ್ನ ಊಟ ಆದಮೇಲೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಗೀಚಿ ಚೌಕಾಬಾರ ಆಡಲು ಕೂರುತ್ತಾರೆ. ಅವತ್ತು ಎದುರಿಗೆ ಮೊಮ್ಮಗ ಇದ್ದ. ಅವನು ಕವಡೆ ಹಾಕಿ, ಬೆರಳಿಟ್ಟು ಒಂದು, ಎರಡು, ಮೂರು ಅಂತ ಮನೆ ಎಣಿಸುತ್ತಿದ್ದ. "ಅದ್ಯಾಕ್ಲಾ ಎಣಿಸ್ತೀಯಾ, ಕಟ್ಟೆಗೇ ಬೀಳ್ತದೆ ಬುಡು" ಅಂದರು ಅಜ್ಜಿ. ಅವರು ಎಣಿಸುವುದೇ ಇಲ್ಲ. ಚೌಕ ಬಿದ್ದು ಮೇಲೆ ಎರಡು ಬಿದ್ದರೆ ಯಾರ ಕಾಯಿ ಕಡಿಯಬಹುದು ಅನ್ನುವುದು ಕವಡೆ ಕೈಯಲ್ಲಿರುವಾಗಲೇ ಅವರಿಗೆ ಗೊತ್ತು. ಹುಡುಗನ ಮೊದಲ ಕಾಯಿ ಹಣ್ಣಾಗುವ ಹೊತ್ತಿಗೆ ಅವರ ನಾಲ್ಕೂ ಹಣ್ಣಾಗಿದ್ದವು. ಅದೇ ಸಂಜೆ ಅಂಗಡಿಯಿಂದ ಬಂದ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿ, "ಸರಿ ಐತಾ ನೋಡ್ಲಾ" ಅಂತ ಅದೇ ಮೊಮ್ಮಗನ ಕೈಗೆ ಕೊಟ್ಟರು. ಅರವತ್ತು ವರ್ಷದ ಚೌಕಾಬಾರ ಅಂಗಡಿ ಲೆಕ್ಕಕ್ಕೆ ಇಳಿದಿರಲಿಲ್ಲ.

ಪ್ರಯೋಗಗಳಲ್ಲಿ ಕಂಡದ್ದೂ ಇದೇ. ಚದುರಂಗದ ಮಣೆಯೊಂದಿಗೆ ಮೈಸೂರಿಗೆ ಹಳೆಯ ನಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಹಾಯಿಸುವ ಒಗಟನ್ನು ಬಿಡಿಸಲು ಕೂತಿದ್ದವರು. ಅಂಥ ಪಳಗಿದ ಆಟಗಾರರಿಗೆ ನಿಜವಾದ ಆಟದ ನಡುವಿನ ಮಣೆಯನ್ನು 5 ಸೆಕೆಂಡ್ ತೋರಿಸಿದರೆ ಹೆಚ್ಚುಕಡಿಮೆ ಎಲ್ಲ ಕಾಯಿಗಳನ್ನೂ ನೆನಪಿನಿಂದ ಮತ್ತೆ ಜೋಡಿಸುತ್ತಾರೆ. ಹೊಸಬರಿಗೆ ನಾಲ್ಕೈದು ನೆನಪಿದ್ದರೆ ಹೆಚ್ಚು. ಆದರೆ 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಕಾಯಿಗಳನ್ನು ಮನಸ್ಸಿಗೆ ಬಂದ ಕಡೆ ಚೆಲ್ಲಿ ತೋರಿಸಿದರು. ಪಳಗಿದವರೂ ಹೊಸಬರ ಮಟ್ಟಕ್ಕೆ ಇಳಿದರು. ಅವರ ನೆನಪಿನ ಶಕ್ತಿ ಬೆಳೆದಿರಲಿಲ್ಲ, ಚದುರಂಗದ ಪರಿಚಯ ಬೆಳೆದಿತ್ತು.

ಇನ್ನೂ ಚಂದದ ಕಥೆ 1980ರದ್ದು. ಅಮೆರಿಕದ ಒಬ್ಬ ಕಾಲೇಜು ವಿದ್ಯಾರ್ಥಿಗೆ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿ, ವಾಪಸ್ ಹೇಳಿಸುತ್ತಿದ್ದರು. ಶುರುವಿನಲ್ಲಿ ನಮ್ಮ ನಿಮ್ಮ ಹಾಗೆಯೇ 7 ಅಂಕಿ. ಒಂದೂವರೆ ವರ್ಷಕ್ಕೂ ಹೆಚ್ಚು ಅಭ್ಯಾಸ ಮಾಡಿ 79 ಅಂಕಿಗೆ ಬಂದ! ಅವನು ಓಟಗಾರ. 3492 ಅಂದರೆ ಒಂದು ಮೈಲಿಗೆ 3 ನಿಮಿಷ 49.2 ಸೆಕೆಂಡ್ ಅಂತ ಗಂಟು ಕಟ್ಟಿ ಇಟ್ಟುಕೊಳ್ಳುತ್ತಿದ್ದ. ಅಂಕಿ ಬಿಟ್ಟು ಅಕ್ಷರ ಓದಿ ಹೇಳಿದಾಗ? 6ಕ್ಕೆ ನಿಂತ.

ಟೆಟ್ರಿಸ್‌ನಲ್ಲಿ ಪಳಗಿದವರಿಗೆ ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸುವ ಪರೀಕ್ಷೆ ಕೊಟ್ಟಾಗಲೂ ಹಾಗೇ ಆಯಿತು. ಟೆಟ್ರಿಸ್ ಇಟ್ಟಿಗೆಯಂಥ ಆಕಾರಗಳಲ್ಲಿ ಮುಂದು, ಬೇರೆಯವುಗಳಲ್ಲಿ ಎಲ್ಲರಂತೆ. ಬಿಬಿಸಿ ಜೊತೆ ಸೇರಿ ಏಡ್ರಿಯನ್ ಓವನ್ 2010ರಲ್ಲಿ ನಡೆಸಿದ ದೊಡ್ಡ ಪ್ರಯೋಗದಲ್ಲಿ 11,430 ಜನ ಆರು ವಾರ ಪಾಲ್ಗೊಂಡರು, ಅವರಲ್ಲಿ ಹೆಚ್ಚಿನವರು ಮಿದುಳಿನ ಕಸರತ್ತಿನ ಆಟಗಳನ್ನು ಆಡಿದರು. ಆಡಿದ ಆಟದಲ್ಲಿ ಅವರು ಸುಧಾರಿಸಿದರು. ಆಡದ ಪರೀಕ್ಷೆಗಳಿಗೆ ಅದು ದಾಟಲಿಲ್ಲ.

## ಮತ್ತೆ ಆ್ಯಕ್ಷನ್ ಗೇಮ್‌ನಿಂದ ಅಷ್ಟಾದರೂ ದಾಟುವುದು ಹೇಗೆ?

ಥಾರ್ನ್‌ಡೈಕ್ ಮಾತಿನಲ್ಲೇ ಉತ್ತರ ಇದೆ. ಈ ಆಟಗಳಲ್ಲಿ ಶತ್ರು ಯಾವ ಮೂಲೆಯಿಂದ ಬರುತ್ತಾನೋ ಗೊತ್ತಿಲ್ಲ. ಇಡೀ ಪರದೆಯ ಮೇಲೆ ಕಣ್ಣಿರಬೇಕು. ಬೇಡದ್ದನ್ನು ತಕ್ಷಣ ಬಿಡಬೇಕು. ಪ್ರಯೋಗಶಾಲೆಯ ಗಮನದ ಪರೀಕ್ಷೆಯೂ ಕೇಳುವುದು ಇದನ್ನೇ. ಎರಡರಲ್ಲೂ ಒಂದೇ ಅಂಶ ಇದೆ, ದಾಟಲು ದಾರಿ ಇದೆ. ಹೆಚ್ಚು ಫಲ ಕಂಡಿರುವುದೂ ನೋಟ, ಗಮನ, ಜಾಗದ ಅಂದಾಜು ಈ ಕಡೆಯೇ.

ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಟಿವಿ ಪರದೆ ನೋಡಿಕೊಂಡು ಮಾಡುವ ಆಪರೇಷನ್ ಇದೆಯಲ್ಲ, ಅದೂ ಇಂಥದ್ದೇ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 33 ಸರ್ಜನ್‌ಗಳನ್ನು ನೋಡಿದರು. ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ಗೇಮ್ ಆಡಿದ್ದವರು ಅಭ್ಯಾಸದ ಕಸರತ್ತಿನಲ್ಲಿ 37% ಕಡಿಮೆ ತಪ್ಪು ಮಾಡಿದರು. ಗರಡಿಯ ಪ್ರಶ್ನೆ ಇಲ್ಲೂ ಉಳಿದೇ ಇದೆ. ಆದರೂ ಪರದೆ ನೋಡುತ್ತಾ ಕೈ ಆಡಿಸುವುದು ಎರಡಕ್ಕೂ ಸಾಮಾನ್ಯ ಅನ್ನುವುದು ನಿಮಗೂ ಕಾಣುತ್ತಿದೆ.

ವಯಸ್ಸಾದವರ ವಿಷಯ ಸ್ವಲ್ಪ ಬೇರೆ. 60ರಿಂದ 85 ವರ್ಷದವರಿಗೆ ಕ್ಯಾಲಿಫೋರ್ನಿಯಾದ ಸಂಶೋಧಕರು ಒಂದು ತಿಂಗಳು ಕಾರಿನ ಗೇಮ್ ಆಡಿಸಿದರು. ದಾರಿ ತಪ್ಪದಂತೆ ಕಾರು ನಡೆಸಬೇಕು, ನಡುವೆ ಬರುವ ಫಲಕಗಳಲ್ಲಿ ಹೇಳಿದ್ದಕ್ಕೆ ಮಾತ್ರ ಗುಂಡಿ ಒತ್ತಬೇಕು. ಎರಡು ಕೆಲಸ ಒಟ್ಟಿಗೆ ಮಾಡುವುದರಲ್ಲಿ ಅವರು ಅಭ್ಯಾಸವಿಲ್ಲದ 20ರ ಹರೆಯದವರನ್ನೂ ಮೀರಿದರು. ಆರು ತಿಂಗಳಾದರೂ ಲಾಭ ಉಳಿದಿತ್ತು. 2013ರ ಈ ಆಟವನ್ನು ಅದಕ್ಕೆಂದೇ ತಯಾರಿಸಿದ್ದು. ಅಂಗಡಿಯಲ್ಲಿ ಸಿಗುವ ಗೇಮ್‌ಗಳಿಗೆಲ್ಲ ಅದೇ ಫಲವನ್ನು ಅಂಟಿಸಲು ಬರುವುದಿಲ್ಲ.

"ಗೇಮ್ ಆಡಿದರೆ ಮಿದುಳು ಬೆಳೆಯುತ್ತದೆ" ಅನ್ನುವ ಸುದ್ದಿಯೂ ಸುಳ್ಳಲ್ಲ. 2014ರಲ್ಲಿ ಪ್ರಕಟವಾದ ಬರ್ಲಿನ್‌ನ ಅಧ್ಯಯನದಲ್ಲಿ ಎರಡು ತಿಂಗಳು ದಿನಕ್ಕೆ ಅರ್ಧ ಗಂಟೆ ಸೂಪರ್ ಮಾರಿಯೊ 64 ಆಡಿದವರ ಮಿದುಳಿನ ಕೆಲವು ಭಾಗಗಳು ಸ್ಕ್ಯಾನ್‌ನಲ್ಲಿ ತುಸು ದಪ್ಪಗೆ ಕಂಡವು. ಆದರೆ ಹೊಸದೇನು ಕಲಿತರೂ ಮಿದುಳು ಬದಲಾಗುತ್ತದೆ. ವೀಣೆ ಕಲಿತರೂ ಅಷ್ಟೇ. ಬದಲಾಯಿತು ಅಂದ ಮಾತ್ರಕ್ಕೆ ಜಾಣತನ ಬಂತು ಅಂತ ಅಲ್ಲ.

## ಕಟ್ಟು ನೀರಿನ ಲೆಕ್ಕ

ಗೇಮ್ ಏನು ಮಾಡುತ್ತದೆ ಅನ್ನುವಷ್ಟೇ ಮುಖ್ಯವಾದದ್ದು ಅದು ಯಾವುದರ ಹೊತ್ತನ್ನು ತಿನ್ನುತ್ತದೆ ಅನ್ನುವುದು. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಇಷ್ಟು ದಿನ ಅಂತ ಲೆಕ್ಕ ಇರುತ್ತದೆ. ಅಷ್ಟರಲ್ಲಿ ಕಬ್ಬಿಗೆ ಹರಿಸಿದ್ದು ಭತ್ತಕ್ಕೆ ಸಿಗುವುದಿಲ್ಲ. ಶಾಲೆ ಬಿಟ್ಟ ಮೇಲಿನ ನಾಲ್ಕು ಗಂಟೆಯೂ ಹಾಗೆಯೇ.

2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 6ರಿಂದ 9 ವರ್ಷದ, ಮನೆಯಲ್ಲಿ ಗೇಮ್ ಇಲ್ಲದ ಹುಡುಗರನ್ನು ಆರಿಸಿದರು. ಚೀಟಿ ಎತ್ತಿ ಅರ್ಧ ಜನಕ್ಕೆ ಆಗಲೇ ಪ್ಲೇಸ್ಟೇಷನ್ ಕೊಟ್ಟರು, ಉಳಿದವರಿಗೆ ನಾಲ್ಕು ತಿಂಗಳಾದ ಮೇಲೆ ಕೊಟ್ಟರು. ಆ ನಾಲ್ಕು ತಿಂಗಳ ಕೊನೆಗೆ ಮೊದಲು ಪಡೆದವರ ಓದು ಬರಹದ ಅಂಕ ಕಾಯುತ್ತಿದ್ದವರಿಗಿಂತ ಕಡಿಮೆ ಇತ್ತು. ಗೇಮ್‌ನಿಂದ ಬುದ್ಧಿ ಮಂಕಾಯಿತು ಅಂತಲ್ಲ. ಪುಸ್ತಕ ತೆರೆಯುವ ಹೊತ್ತು ಅಲ್ಲಿಗೆ ಹರಿಯಿತು.

ಬಿಡಲಾಗದಷ್ಟು ಅಂಟಿಕೊಂಡರೆ ಅದು ಬೇರೆಯೇ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಅದು ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ಶಟ್ ಕ್ಲಿನಿಕ್ ತೆರೆದಿದೆ. ದುಡ್ಡು ಕಟ್ಟಿ ಆಡುವ ರಮ್ಮಿಯಂಥವು ಈ ಲೇಖನಕ್ಕೆ ಸೇರಿದವೇ ಅಲ್ಲ. ಅವುಗಳ ಮೇಲೆ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾನೂನು ತಂದಿದೆ.

## ಪಾಂಪ್ಲೆಟ್ ನಂಬರಿಗೆ ಫೋನ್

ಮಿದುಳಿನ ಕಸರತ್ತು ಮಾರುವುದು ದೊಡ್ಡ ವ್ಯಾಪಾರ. ಅಮೆರಿಕದಲ್ಲಿ ಲ್ಯೂಮಾಸಿಟಿ ಅನ್ನುವ ಆ್ಯಪ್‌ನವರು ಶಾಲೆಯಲ್ಲಿ, ಕೆಲಸದಲ್ಲಿ ಮುಂದೆ ಬರುತ್ತೀರಿ, ಮರೆವು ದೂರ ಇಡುತ್ತೀರಿ ಅಂತ ಜಾಹೀರಾತು ಕೊಟ್ಟಿದ್ದರು. ಅದಕ್ಕೆ ಸಾಕಷ್ಟು ಆಧಾರ ಇಲ್ಲ ಅಂತ ಅಲ್ಲಿನ ವ್ಯಾಪಾರ ಆಯೋಗ ದೂರು ಹೂಡಿತು. 2016ರಲ್ಲಿ 20 ಲಕ್ಷ ಡಾಲರ್ ಕೊಟ್ಟು ರಾಜಿಯಾದರು. ಇನ್ನೊಂದು ಕಡೆ, ಗಮನ ನಿಲ್ಲದ ತೊಂದರೆ ಇರುವ 8ರಿಂದ 12 ವರ್ಷದ ಮಕ್ಕಳಿಗಾಗಿ ಎಂಡೆವರ್‌ಆರ್‌ಎಕ್ಸ್ ಅನ್ನುವ ಗೇಮ್‌ಗೆ 2020ರಲ್ಲಿ ಅಲ್ಲಿನ ಔಷಧ ಇಲಾಖೆಯೇ ಒಪ್ಪಿಗೆ ಕೊಟ್ಟಿತು. ಡಾಕ್ಟರ್ ಚೀಟಿ ಬೇಕಿತ್ತು, ಬೇರೆ ಚಿಕಿತ್ಸೆಯ ಜೊತೆಗೆ ಬಳಸಬೇಕಿತ್ತು. ಸುಧಾರಣೆಯನ್ನು ಆ ಗೇಮ್‌ನ ಹೊರಗಿನ ಇನ್ನೊಂದು ಗಮನದ ಪರೀಕ್ಷೆಯಲ್ಲಿ ಅಳೆದಿದ್ದರು.

ಆ "ಹೊರಗಿನ" ಅನ್ನುವುದನ್ನು ಹಿಡಿದುಕೊಂಡೇ ನಾನು ಪಾಂಪ್ಲೆಟ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅಕ್ಕನಿಗೆ ಕೇಳಲಿ ಅಂತ ಸ್ಪೀಕರ್ ಹಾಕಿದ್ದೆ. ಆ ಕಡೆಯವರು ತುಂಬ ವಿನಯವಂತರು.

"ಹದಿನೈದು ದಿನ ಆದಮೇಲೆ ಮಗು ಸುಧಾರಿಸಿದೆ ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

"ನಮ್ ಆ್ಯಪಲ್ಲೇ ಸ್ಕೋರ್ ಬರುತ್ತೆ ಸರ್. ಮೊದಲ ದಿನಕ್ಕೂ ಕೊನೇ ದಿನಕ್ಕೂ ನೀವೇ ನೋಡಿ, ಡಬಲ್ ಆಗಿರುತ್ತೆ."

"ಅದೇ ಗೇಮ್‌ನ ಸ್ಕೋರಾ?"

"ಹೌದು ಸರ್, ಅದೇ ಗೇಮಿಂದು."

ಥ್ಯಾಂಕ್ಸ್ ಹೇಳಿ ಇಟ್ಟೆ. ಹುಡುಗ ನಕ್ಕ, "ನನ್ದು ಮನೇಲೇ ಫ್ರೀಯಾಗಿ ಡಬಲ್ ಆಗಿದೆ" ಅಂದ. ಅಕ್ಕ ಪಾಂಪ್ಲೆಟ್ ಮಗುಚಿ, ಹಿಂದಿನ ಖಾಲಿ ಜಾಗದಲ್ಲಿ ಆ ವಾರದ ಹಾಲಿನ ಲೆಕ್ಕ ಬರೆದುಕೊಂಡಳು.